ನಮ್ಮ ರಕ್ತವನ್ನು ನಮಗೇ ಮಾರುವವರು

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ಮಂಡಿನೋವಿನ ಉಚಿತ ತಪಾಸಣಾ ಶಿಬಿರ ನಡೆಯಿತಷ್ಟೆ. ಬಾಂದ್ರಾದ ಒಂದು ಖಾಸಗಿ ಚಿಕಿತ್ಸಾಲಯದವರು ಬಂದಿದ್ದರು. ಪ್ರಾರ್ಥನೆಯಾಯಿತು, ಡಾಕ್ಟರರಿಗೆ ಶಾಲು ಹೊದಿಸಿ ಫಲತಾಂಬೂಲ ಕೊಟ್ಟದ್ದಾಯಿತು, ಉಪ್ಪಿಟ್ಟು ಕಾಫಿಯೂ ಆಯಿತು. ತಪಾಸಣೆ ಉಚಿತವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಹೊರಟ ಹಿರಿಯರ ಕೈಯಲ್ಲೆಲ್ಲ ಒಂದೊಂದು ಚೀಟಿ: ಪಿ.ಆರ್.ಪಿ. ಇಂಜೆಕ್ಷನ್, ವಾರಕ್ಕೊಂದರಂತೆ ಮೂರು. ನಮ್ಮ ತಾಯಿಯವರ ಚೀಟಿಯಲ್ಲಿದ್ದ ಮೊತ್ತ 45,000 ರೂಪಾಯಿ.

"ನನ್ನದೇ ರಕ್ತ ಅಲ್ಲವೇನಪ್ಪ, ಅದರಿಂದ ಏನು ಕೆಟ್ಟದಾಗುತ್ತೆ?" ಎಂದರು ಅಮ್ಮ. ವ್ಯಾಪಾರದ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ.

ತೋಳಿನಿಂದ ರಕ್ತ ತೆಗೆದು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸುತ್ತಾರೆ. ಭಾರವಾದ ಕೆಂಪುಕಣಗಳು ತಳಕ್ಕಿಳಿದು ಮೇಲೆ ಹಳದಿ ದ್ರವ ನಿಲ್ಲುತ್ತದೆ. ಡೆಂಗಿ ಜ್ವರ ಬಂದಾಗ ನಾವು ಎಣಿಸುತ್ತ ಕೂರುವ ಪ್ಲೇಟ್‌ಲೆಟ್‌ಗಳು ದಟ್ಟವಾಗಿರುವ ಭಾಗವನ್ನು ಮಂಡಿಯೊಳಗೆ ಚುಚ್ಚುತ್ತಾರೆ. (ಬಿ.ಎಸ್‌ಸಿ. ಓದುವಾಗ ನಾವೂ ಇಂಥ ಯಂತ್ರ ತಿರುಗಿಸಿದವರೇ. ಅದರಲ್ಲಿ ಇಷ್ಟು ಹಣವಿದೆಯೆಂದು ಆಗ ಹೊಳೆಯಲಿಲ್ಲ.) ಗಾಯ ಮಾಯಿಸಲು ನೆರವಾಗುವ ಅಂಶಗಳು ಪ್ಲೇಟ್‌ಲೆಟ್‌ನಲ್ಲಿವೆ ಎಂಬುದು ನಿಜ. ಮಂಡಿಯ ಮೃದ್ವಸ್ಥಿಗೆ ರಕ್ತನಾಳಗಳಿಲ್ಲದ್ದರಿಂದ ಅದು ಸವೆದರೆ ತಾನಾಗಿ ತುಂಬಿಕೊಳ್ಳುವುದು ಕಷ್ಟವೆಂಬುದೂ ನಿಜ. ಈ ಎರಡು ನಿಜಗಳಿಗೆ ಗಂಟುಹಾಕಿ, 'ಹೊಸ ಮೃದ್ವಸ್ಥಿ ಬೆಳೆಯುತ್ತದೆ' ಎಂಬ ಮೂರನೆಯ ಮಾತನ್ನು ನಮ್ಮದೇ ಧ್ವನಿವರ್ಧಕದಲ್ಲಿ ನಮಗೆ ಕೇಳಿಸಿದರು.

ಬೆಳೆಯುತ್ತದೆಯೇ? ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದ ಪ್ರಯೋಗವೊಂದು 2021ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅರ್ಧ ಮಂದಿಗೆ ವಾರಕ್ಕೊಂದರಂತೆ ಮೂರು ಪಿ.ಆರ್.ಪಿ., ಉಳಿದರ್ಧ ಮಂದಿಗೆ ಬರೀ ಉಪ್ಪುನೀರು. ತನಗೆ ಯಾವುದೆಂದು ರೋಗಿಗೆ ತಿಳಿಯದು. ವರ್ಷದ ಬಳಿಕ ಹತ್ತರ ಅಳತೆಯಲ್ಲಿ ನೋವು ಮೊದಲನೆಯವರಿಗೆ 2.1ರಷ್ಟು, ಉಪ್ಪುನೀರಿನವರಿಗೆ 1.8ರಷ್ಟು ಇಳಿದಿತ್ತು. ಮೃದ್ವಸ್ಥಿಯೋ, ಎರಡೂ ಕಡೆ ಕುಗ್ಗಿತ್ತು: ಅಲ್ಲಿ ಶೇಕಡ 1.4, ಇಲ್ಲಿ 1.2. ಅಮೆರಿಕದ ಸಂಧಿರೋಗ ತಜ್ಞರ ಸಂಸ್ಥೆಯು 2019ರಲ್ಲೇ ಮಂಡಿ ಸವೆತಕ್ಕೆ ಇದು ಬೇಡವೆಂದು ಬಲವಾಗಿ ಹೇಳಿತ್ತು.

ಎದುರು ಪಕ್ಷದ ಮಾತನ್ನೂ ಮುಚ್ಚಿಡಬಾರದು. ಚಂಡೀಗಢದ ಪಿ.ಜಿ.ಐ.ಯವರು 2013ರಲ್ಲಿ ಪ್ರಕಟಿಸಿದ 78 ರೋಗಿಗಳ ಪ್ರಯೋಗದಲ್ಲಿ ಆರು ತಿಂಗಳವರೆಗೆ ಪಿ.ಆರ್.ಪಿ.ಯೇ ಉಪ್ಪುನೀರಿಗಿಂತ ಮೇಲೆನಿಸಿತು. ಸರಿ. ಆದರೆ ಅಲ್ಲಿಯೂ ಎರಡು ಚುಚ್ಚಿದ್ದರಿಂದ ಒಂದಕ್ಕಿಂತ ಹೆಚ್ಚೇನೂ ದಕ್ಕಲಿಲ್ಲ. ಹಾಗಾದರೆ ನಮ್ಮ ಹಿರಿಯರ ಚೀಟಿಯಲ್ಲಿ ಮೂರು ಏಕೆ?

2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ಸಾಮಾನ್ಯವಾಗಿ ಬಳಸುವ ಕೃತಕ ಮಂಡಿಗೆ, ತೆರಿಗೆ ಬಿಟ್ಟು, 54,720 ರೂಪಾಯಿಯ ಮಿತಿ ಹಾಕಿತು. ಅದಕ್ಕೆ ಮೊದಲು ರೋಗಿಗಳು ಲಕ್ಷ ಮೀರಿ ತೆರುತ್ತಿದ್ದರು. ಲೋಹದ ಮಂಡಿಗೆ ಬೆಲೆ ಕಟ್ಟಬಹುದು, ಔಷಧದ ಪೆಟ್ಟಿಗೆಯ ಮೇಲೆ ಎಂ.ಆರ್.ಪಿ. ಓದಬಹುದು, ಸ್ವಂತ ರಕ್ತದ ಮೇಲೆ ಬೆಲೆ ಯಾರು ಅಚ್ಚುಹಾಕಿದ್ದಾರೆ?

ಹಿಂದಿನ ವರ್ಷದ ಶಿಬಿರದಿಂದ ಇಂಥದೇ ಚೀಟಿ ಪಡೆದ ನಮ್ಮ ಸದಸ್ಯರೊಬ್ಬರು, ನಿವೃತ್ತ ಮಾಸ್ತರರು, ಅಂಚೆ ಕಚೇರಿಯ ಠೇವಣಿ ಮುರಿಸಿ ಮೂರನ್ನೂ ಚುಚ್ಚಿಸಿಕೊಂಡರು. ಎರಡು ತಿಂಗಳು ಹಗುರವೆನಿಸಿತಂತೆ. ಈಗಲೂ ಅವರು ಬಾಂದ್ರಾ ಸ್ಟೇಷನ್ನಿನ ಮೇಲ್ಸೇತುವೆಯನ್ನು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಾಗಿ ಹತ್ತುವುದನ್ನು ನಾವು ಆಫೀಸಿಗೆ ಹೋಗುವಾಗ ಕಾಣುತ್ತೇವೆ. ಚಿಕಿತ್ಸಾಲಯಕ್ಕೆ ಮತ್ತೆ ಹೋದಾಗ 'ಇನ್ನೊಂದು ಸುತ್ತು ಹಾಕಿಸಿಕೊಳ್ಳಿ' ಎಂದರಂತೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮದ ಸುದ್ದಿಯನ್ನು ಅವರಿಗೆ ಯಾರೂ ಎತ್ತಿರಲಿಲ್ಲ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು ಸಹ ಹೇಳಿರಲಿಲ್ಲ. ಹೇಳಿದರೆ ಬಿಲ್ಲು ಎಲ್ಲಿಂದ ಬರಬೇಕು!

ಡಾಕ್ಟರರು ಅಂಗಡಿ ಇಟ್ಟುಕೊಳ್ಳಲಿ, ಅದು ಅವರ ದಾರಿ. ಆದರೆ ಸಂಘದ ಹೆಸರು ನೋಡಿ ನಂಬಿ ಬರುವ ಮುದುಕರನ್ನು ಆ ಅಂಗಡಿಗೆ ಕಳಿಸಲು ನಮ್ಮ ವೇದಿಕೆ ಏಕೆ ಬೇಕು? ಕಾರ್ಯಕಾರಿ ಸಮಿತಿಯವರು ಇನ್ನು ಮುಂದೆ ಶಿಬಿರ ಮಾಡುವುದಾದರೆ, ಚೀಟಿ ಬರೆಯುವವರು ಅದೇ ಚಿಕಿತ್ಸೆ ಮಾರುವವರಾಗಿರಬಾರದೆಂಬ ನಿಯಮ ಮಾಡಲಿ. ವ್ಯಾಯಾಮ ಕಲಿಸುವ ಫಿಜಿಯೋಥೆರಪಿಯವರೊಬ್ಬರನ್ನು ಕರೆಯಲಿ. ಅಮ್ಮನ ಚೀಟಿಯನ್ನು ಹರಿಯದೆ ಇಟ್ಟಿದ್ದೇವೆ. ವಾರ್ಷಿಕ ಮಹಾಸಭೆಗೆ ತರುತ್ತೇವೆ.