ಕಂಬಳಿ ಮಗ್ಗಕ್ಕೂ ಒಂದು ಮನೆ ಬೇಕು

ಆಸ್ಟ್ರೇಲಿಯಾದ ಜೀಲಾಂಗ್ ಊರಿನಲ್ಲಿ 1872ರಲ್ಲಿ ಕಟ್ಟಿದ ಉಣ್ಣೆ ಗೋದಾಮೊಂದು 1988ರಿಂದ ರಾಷ್ಟ್ರೀಯ ಉಣ್ಣೆ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಗಾಜಿನ ಹಿಂದಿನ ಉಡುಪುಗಳನ್ನು ಬೇಗ ನೋಡಿ ಮುಗಿಸಿದೆ; 1910ರ ಆಕ್ಸ್‌ಮಿನ್‌ಸ್ಟರ್ ಜಮಖಾನೆ ಮಗ್ಗದ ಮುಂದೆ ಬಹಳ ಹೊತ್ತು ನಿಂತೆ. ತೂತು ಕೊರೆದ ಜಕಾರ್ಡ್ ಕಾರ್ಡುಗಳು ಒಂದೊಂದಾಗಿ ಸರಿದಂತೆ, ಜಮಖಾನೆಯಲ್ಲಿ ಯಾವ ಬಣ್ಣದ ಎಳೆ ಎಲ್ಲಿ ಕೂರಬೇಕೆಂಬುದು ತೀರ್ಮಾನವಾಗುತ್ತದೆ. ಸದ್ದು ಎದೆಗೇ ಬಡಿಯುತ್ತದೆ. ಗಿರಣಿಗಳಲ್ಲಿ ಇಂಥ ಮಗ್ಗಗಳ ನಡುವೆ ದಿನವಿಡೀ ದುಡಿದವರ ಕಿವಿಗಳ ಗತಿ ಏನಾಗಿರಬೇಕು! ಯಾವ ಫಲಕವೂ ಆ ದುಡಿಮೆಯ ಕಷ್ಟವನ್ನು ಹೀಗೆ ತಿಳಿಸಲಾರದು.

ಉಣ್ಣೆಯ ಲೋಕದಲ್ಲಿ ಹೆಸರು ಸಿಗುವುದು ಉಡುಪು ವಿನ್ಯಾಸಕರಿಗೆ: 1954ರ ಉಣ್ಣೆ ಉಡುಪು ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸಕರಾದ ಕಾರ್ಲ್ ಲಾಗರ್‌ಫೆಲ್ಡ್, ಈವ್ ಸಾಂ ಲೊರಾಂ ಲೋಕಪ್ರಸಿದ್ಧರಾದರು. ಆದರೆ ಉಣ್ಣೆ ಕತ್ತರಿಸಿದವರು, ವಿಂಗಡಿಸಿದವರು, ನೂತವರು ಯಾರ ನೆನಪಿನಲ್ಲೂ ಇಲ್ಲ. ಅವರ ಕೆಲಸವನ್ನು ಕಣ್ಣೆದುರು ಇಡುವುದರಿಂದಲೇ ಜೀಲಾಂಗ್ ನನಗೆ ದೊಡ್ಡದಾಗಿ ಕಂಡಿತು.

ನಮ್ಮಲ್ಲಿ ದಖ್ಖನಿ ಕುರಿಯ ಒರಟು ಉಣ್ಣೆಯನ್ನು ಕೈಯಲ್ಲಿ ನೂತು, ಹುಣಸೆಬೀಜದ ಗಂಜಿ ಹಾಕಿ, ಕಂಬಳಿ ನೇಯುವವರು ಇನ್ನೂ ಇದ್ದಾರೆ. ಅವರ ಮಕ್ಕಳು ಬೇರೆ ಕೆಲಸ ಹುಡುಕುತ್ತಿದ್ದಾರೆ. ಈ ಕಸುಬು ಕಣ್ಮರೆಯಾಗುವ ಮುನ್ನ ಸರ್ಕಾರ ಚಳ್ಳಕೆರೆಯಂಥ ಕಂಬಳಿಯ ಊರಿನಲ್ಲಿ ಮಗ್ಗ ಓಡುವ ಸಂಗ್ರಹಾಲಯವೊಂದನ್ನು ತೆರೆಯಲಿ. ಆ ನೇಕಾರರನ್ನೇ ಸಂಬಳ ಕೊಟ್ಟು ನೇಮಿಸಿಕೊಳ್ಳಲಿ.