ಗೃಹವಿಚಾರ: ಬಚ್ಚಲುಮನೆಯ ಗೋಡೆಯ ಸಂದುಗಳು

ಗುಬ್ಬಿಯಿಂದ ವಾಚಕರೊಬ್ಬರು ನಮಗೆ ಬರೆದಿರುವರು. ಹೊಸ ಮನೆಯ ಬಚ್ಚಲಿನ ಗೋಡೆಗೆ ಟೈಲು ಕೂರಿಸಬೇಕಾಗಿದೆ. ಒಂದಕ್ಕೊಂದು ತಾಗಿಸಿ ಕೂರಿಸಿದರೆ ಗೆರೆಯೇ ಕಾಣದೆಂದು ಅಂಗಡಿಯವರು ಹೇಳುತ್ತಾರೆ. ಒಂದು ನೂಲು ಸಂದು ಬಿಡದೆ ಕೆಲಸಕ್ಕೆ ಕೈಹಚ್ಚೆನೆಂದು ಮೇಸ್ತ್ರಿಯವರು ಹಟ ಹಿಡಿದಿದ್ದಾರೆ. ಗೋಡೆಯ ಆಚೆಗೆ ದೇವರ ಮನೆ. ಕೆಲಸವು ಸಾಲದ ಹಣದಿಂದ ನಡೆಯುತ್ತಿದೆ. ಯಾರ ಮಾತನ್ನು ನಂಬತಕ್ಕದ್ದು?

ಈ ವಿವಾದದಲ್ಲಿ ನಾವು ಮೇಸ್ತ್ರಿಯವರ ಪಕ್ಷ. ನೂಲೆಂದರೆ ಅಂಗುಲದಲ್ಲಿ ಎಂಟನೆಯ ಒಂದು ಭಾಗ, ಸುಮಾರು 3 ಮಿಲಿಮೀಟರು. ಸಾಧಾರಣವಾದ ಗೋಡೆಯ ಟೈಲಿಗೆ ಇದು ಯೋಗ್ಯವಾದ ಅಳತೆ.

ತುಮಕೂರು, ಗುಬ್ಬಿ, ಕುಣಿಗಲುಗಳ ಹಳೆಯ ಮನೆಗಳಲ್ಲಿ ಬಚ್ಚಲಿಗೆ ಕಲ್ಲಿನ ಚಪ್ಪಡಿ ಹಾಸಿ ಸಂದಿಗೆ ಗಾರೆ ತುಂಬುತ್ತಿದ್ದರು. ಆಗ ಸಂದು ಕಾಣುವುದು ಅವಮಾನವೆಂದು ಯಾರೂ ಎಣಿಸಲಿಲ್ಲ. ತುಮಕೂರಿನ ಸಮೀಪದ ಕೈದಾಳದಲ್ಲಿ 12ನೆಯ ಶತಮಾನದ ಚೆನ್ನಕೇಶವ ದೇವಾಲಯವಿದೆಯಷ್ಟೆ; ಹೊಯ್ಸಳರ ಕಾಲದ ಶಿಲ್ಪಿಗಳು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸುತ್ತಿದ್ದರೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಅಲ್ಲಿ ಪ್ರತಿಯೊಂದು ಕಲ್ಲನ್ನೂ ಅದರ ನೆರೆಯ ಕಲ್ಲಿಗೆ ಹೊಂದುವಂತೆ ಉಳಿಯಿಂದ ತಿದ್ದಿದ್ದಾರೆ. ಗುಜರಾತಿನ ಮೋರ್ಬಿಯಿಂದ ಪೆಟ್ಟಿಗೆಯಲ್ಲಿ ಬರುವ ಟೈಲು ಬೆಂಕಿಯಲ್ಲಿ ಬೆಂದ ಮಣ್ಣು. ಬೇಯುವಾಗ ಮಣ್ಣು ಕುಗ್ಗುವುದು, ಎಲ್ಲವೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಒಂದೊಂದು ಟೈಲು ಅರ್ಧ ಮಿಲಿಮೀಟರಿನಷ್ಟು ಹೆಚ್ಚಿದ್ದರೂ ಹತ್ತನೆಯ ಟೈಲಿನ ಹೊತ್ತಿಗೆ ಗೆರೆಯು 5 ಮಿಲಿಮೀಟರು ಸರಿದಿರುತ್ತದೆ. ಆ ವ್ಯತ್ಯಾಸವನ್ನು ನುಂಗಿಕೊಳ್ಳುವುದಕ್ಕಾಗಿಯೇ ಸಂದು ಇರುವುದು.

ಆದುದರಿಂದ ಮೊದಲು ಅಳೆಯತಕ್ಕದ್ದು. ಬೇರೆ ಬೇರೆ ಪೆಟ್ಟಿಗೆಗಳಿಂದ ಹತ್ತು ಟೈಲುಗಳನ್ನು ತೆಗೆದು, ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಇರುವ ಅಂತರವನ್ನು ನೋಡಿರಿ. ಸಂದು ಆ ಅಂತರದ ಮೂರರಷ್ಟಕ್ಕಿಂತ ಕಡಿಮೆಯಿರಕೂಡದೆಂಬುದು ಪಾಶ್ಚಾತ್ಯ ಕಟ್ಟಡಗಾರರ ನಿಯಮ. ಅಂತರ 1 ಮಿಲಿಮೀಟರಾದರೆ ಸಂದು 3 ಮಿಲಿಮೀಟರು. ಸುಟ್ಟ ಬಳಿಕ ಅಂಚನ್ನು ಯಂತ್ರದಿಂದ ತೇಯ್ದು ಸಮ ಮಾಡಿದ ಟೈಲಾದರೆ, ಇದನ್ನು ಅಂಗಡಿಯಲ್ಲಿ ರೆಕ್ಟಿಫೈಡ್ ಎನ್ನುವರು, 2 ಮಿಲಿಮೀಟರು ಸಾಕು. ಸಂದು ಸಮನಾಗಿರಲು ನಡುವೆ ಇಡುವ ಪ್ಲಾಸ್ಟಿಕ್ಕಿನ ಸ್ಪೇಸರು ಅಗ್ಗವಾದುದು. ಅದರಲ್ಲಿ ಜಿಪುಣತನ ಬೇಡ.

ಸಂದು ಎಂಬುದು ಸಂಸ್ಕೃತದ ಸಂಧಿಯ ತದ್ಭವ. ವರ್ಣಗಳ ಅತ್ಯಂತ ಸಾಮೀಪ್ಯವನ್ನು ಪಾಣಿನಿಯು ಸಂಹಿತೆಯೆಂದು ಕರೆದನು. ಆ ಸಾಮೀಪ್ಯದಲ್ಲಿಯೂ ಅರ್ಧಮಾತ್ರೆಯ ವ್ಯವಧಾನ ಉಂಟೆಂದು ಕಾಶಿಕಾವೃತ್ತಿಕಾರರು ಒಪ್ಪಿದರು. ಅಕ್ಷರಗಳಿಗೇ ಅಷ್ಟು ಬೇಕಾದರೆ ಬಿಸಿನೀರಿಗೆ ಹಿಗ್ಗುವ, ಹಿಂದಿನ ಸಿಮೆಂಟು ಒಣಗಿ ಕುಗ್ಗುವಾಗ ಒತ್ತಡಕ್ಕೆ ಸಿಕ್ಕುವ ಟೈಲಿಗೆ ಎಷ್ಟು ಬೇಡ! ತಾಗಿಸಿ ಕೂರಿಸಿದವು ಒಂದನ್ನೊಂದು ನೂಕಿ, ಅಂಚು ಸಿಡಿದು, ಕೆಲವೊಮ್ಮೆ ಗೋಡೆಯನ್ನೇ ಬಿಟ್ಟು ಉಬ್ಬಿ ನಿಲ್ಲುವುವು. ಕೂದಲೆಳೆಯಂಥ ಸಂದಿಗೆ ಬಿಳಿ ಸಿಮೆಂಟು ಇಳಿಯದೆ ಮೇಲುಮೇಲೆ ಪೊರೆಯಾಗಿ ಕುಳಿತು ಬೇಗನೆ ಉದುರುವುದು. ನೀರು ಅಲ್ಲಿಂದಲೇ ಒಳಹೊಗುತ್ತದೆ.

ಸಂದು ಕಿರಿದಾದರೆ ಉಜ್ಜುವ ಶ್ರಮ ಕಡಿಮೆಯೆಂದು ಗೃಹಿಣಿಯರು ಹೇಳುವುದುಂಟು. ಲೆಕ್ಕ ಹಾಕಿ ನೋಡಿರಿ. 300ಕ್ಕೆ 450 ಮಿಲಿಮೀಟರಿನ ಟೈಲಾದರೆ ಒಂದು ಚದರ ಮೀಟರು ಗೋಡೆಯಲ್ಲಿ ಸಂದಿನ ಉದ್ದ ಸುಮಾರು ಐದೂವರೆ ಮೀಟರು. 100 ಮಿಲಿಮೀಟರಿನ ಚೌಕ ಟೈಲಾದರೆ 20 ಮೀಟರು. ಅಗಲ ಎಷ್ಟೇ ಇರಲಿ, ಈ ಉದ್ದ ಹೆಚ್ಚು ಕಡಿಮೆ ಇಷ್ಟೇ. ಶ್ರಮ ತಗ್ಗಬೇಕಾದರೆ ದೊಡ್ಡ ಟೈಲನ್ನು ಆರಿಸಿಕೊಳ್ಳಬೇಕು.

ಗುಬ್ಬಿಯ ವಾಚಕರಿಗೆ ಇನ್ನೊಂದು ಮಾತು. ಸಂದಿಗೆ ತುಂಬುವ ಸಿಮೆಂಟಿನ ಗ್ರೌಟು ನೀರನ್ನು ಪೂರ್ತಿಯಾಗಿ ತಡೆಯಲಾರದು. ದೇವರ ಮನೆಯ ಗೋಡೆ ತೇವವಾಗದಿರಬೇಕಾದರೆ ಟೈಲಿಗೆ ಮುಂಚೆಯೇ ಗೋಡೆಗೆ ಜಲನಿರೋಧಕ ಲೇಪ ಆಗಬೇಕು. ಆಮೇಲೆ ಮಾಡಿಸುವೆನೆಂದರೆ ಟೈಲನ್ನೆಲ್ಲ ಕಿತ್ತೇ ಮಾಡಿಸಬೇಕಾದೀತು. ನಲ್ಲಿಯ ಸುತ್ತಲೂ ನೆಲದಿಂದ ಮೂರಡಿಯವರೆಗೂ ಎಪಾಕ್ಸಿ ಗ್ರೌಟು ತುಂಬಿಸಿದರೆ ಖರ್ಚು ಹೆಚ್ಚಾದರೂ ಅದು ನೀರನ್ನು ಹೀರುವುದಿಲ್ಲ. ಗೋಡೆ ಗೋಡೆಗೆ ಕೂಡುವ ಮೂಲೆಗೂ ಗೋಡೆ ನೆಲಕ್ಕೆ ಕೂಡುವಲ್ಲಿಗೂ ಸಿಮೆಂಟು ಸಲ್ಲದು, ಸಿಲಿಕೋನು ಬೇಕು. ಅಲ್ಲಿ ಅಲುಗಾಟ ಹೆಚ್ಚು. ಕೊಳವೆಬಾವಿಯ ಗಡಸು ನೀರು ಬಿಳಿಯ ಉಪ್ಪಿನ ಗೆರೆ ಬಿಡುವುದರಿಂದ ತೀರ ಕಪ್ಪು ಬಣ್ಣವೂ, ಕೊಳೆ ಎದ್ದು ಕಾಣುವುದರಿಂದ ಅಚ್ಚ ಬಿಳಿಯೂ ಬೇಡ, ಬೂದಿಬಣ್ಣ ಉತ್ತಮ.

ಕುಣಿಗಲಿನಿಂದ ಬಂದ ಪತ್ರಕ್ಕೆ ಸಂಕ್ಷೇಪವಾಗಿ: ಕಪ್ಪಾದ ಹಳೆಯ ಸಂದಿನ ಮೇಲೆ ಹೊಸ ಗ್ರೌಟು ಸವರಿದರೆ ನಿಲ್ಲದು. ಟೈಲಿನ ದಪ್ಪದ ಮೂರರಲ್ಲಿ ಎರಡು ಭಾಗದ ಆಳಕ್ಕೆ ಕೆರೆದು, ಧೂಳು ತೆಗೆದು, ಅನಂತರ ತುಂಬಿಸಿರಿ. ಶೌಚಗೃಹ ತೊಳೆಯುವ ಆಸಿಡ್ಡನ್ನು ಅಲ್ಲಿ ಹಾಕಬೇಡಿರಿ. ಅದು ಕೊಳೆಯೊಡನೆ ಸಿಮೆಂಟನ್ನೂ ತಿನ್ನುತ್ತದೆ.