ಕಾವು ಮರೆತ ಕೋಳಿ

ಬೆಂಗಳೂರಿನ ಪಶ್ಚಿಮಕ್ಕಿರುವ ಮೂಡಲಪಾಳ್ಯ ಒಂದು ಕಾಲಕ್ಕೆ ಊರಾಚೆಯ ಹಳ್ಳಿ. ಈಗ ಅದು ವಿಜಯನಗರಕ್ಕೂ ನಾಗರಭಾವಿಗೂ ನಡುವೆ ಗೋಡೆಗೆ ಗೋಡೆ ತಾಗಿಕೊಂಡು ಮನೆಗಳೆದ್ದಿರುವ ಬಡಾವಣೆ. ಮಲೆನಾಡಿನಿಂದ ಓದಿಗೆಂದೂ ದುಡಿಮೆಗೆಂದೂ ಹೊರಟವರು ಬಾಡಿಗೆಗೆ ಕೋಣೆ ಹಿಡಿಯುವುದು ಇಂಥ ಬಡಾವಣೆಗಳಲ್ಲಿಯೇ. ಇವುಗಳ ಅಡ್ಡರಸ್ತೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಬುಟ್ಟಿಯ ತುಂಬ ಕೋಳಿಮರಿ ಹೊತ್ತ ಮಾರಾಟಗಾರ ಕಾಣಿಸುತ್ತಾನೆ. ಮರಿಗಳಿಗೆ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದಿರುತ್ತದೆ. ಮಕ್ಕಳು ಹಠ ಹಿಡಿಯುತ್ತವೆ, ಹಿರಿಯರು ಕೊಡಿಸುತ್ತಾರೆ. ರಟ್ಟಿನ ಪೆಟ್ಟಿಗೆಯಲ್ಲಿ ಎರಡು ರಾತ್ರಿ ಚಿಂವ್‌ಗುಟ್ಟಿದ ಮರಿ ಮೂರನೆಯ ಬೆಳಿಗ್ಗೆ ಕತ್ತು ಚಾಚಿ ಬಿದ್ದಿರುತ್ತದೆ. ಊರಿನ ಜಾತ್ರೆಗಳಲ್ಲಿಯೂ ಇದೇ ವ್ಯಾಪಾರ ನಡೆಯುವುದರಿಂದ ಓದುಗರಿಗೆ ಈ ದೃಶ್ಯ ಹೊಸತೇನಲ್ಲ.

ಮರಿ ಮೂರು ದಿನವಾದರೂ ಬದುಕುವುದು ಏಕೆಂಬುದನ್ನು ತಿಳಿಯಬೇಕು. ಮೊಟ್ಟೆಯೊಡೆಯುವ ಮುನ್ನ ಮರಿಯು ಉಳಿದ ಹಳದಿ ಲೋಳೆಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿರುತ್ತದೆ. ಆ ಬುತ್ತಿ ಎರಡು ಮೂರು ದಿನಕ್ಕೆ ಮುಗಿಯುತ್ತದೆ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗು ಬೇಕು. ತಾಯಿಯ ರೆಕ್ಕೆಯಡಿಯಲ್ಲಿ ಅದು ತಾನಾಗಿ ದೊರೆಯುತ್ತದೆ, ಸಿಮೆಂಟಿನ ನೆಲದ ಮೇಲಿಟ್ಟ ರಟ್ಟಿನ ಪೆಟ್ಟಿಗೆಯಲ್ಲಿ ದೊರೆಯದು. ಬಣ್ಣ ಬಳಿದ ಈ ಮರಿಗಳು ಬಹುತೇಕ ಹುಂಜಗಳು. ಮೊಟ್ಟೆಗೆಂದೇ ರೂಪಿಸಿದ ತಳಿಯಲ್ಲಿ ಹುಟ್ಟುವ ಮರಿಗಳ ಪೈಕಿ ಅರ್ಧದಷ್ಟು ಗಂಡು. ಅವು ಮೊಟ್ಟೆ ಇಡವು, ಮಾಂಸದ ತಳಿಯಂತೆ ಆರು ವಾರದಲ್ಲಿ ತೂಕ ತುಂಬಿಕೊಳ್ಳುವುದೂ ಇಲ್ಲ. ಆದ್ದರಿಂದ ಹುಟ್ಟಿದ ದಿನವೇ ಅವನ್ನು ಬೇರ್ಪಡಿಸಿ ಕೊಲ್ಲುವುದು ಜಗತ್ತಿನ ಹ್ಯಾಚರಿಗಳಲ್ಲಿ ನಡೆದುಬಂದ ವಾಡಿಕೆ. ಜರ್ಮನಿಯು 2022ರ ಆರಂಭದಿಂದ ಇದನ್ನು ಕಾನೂನಿನ ಮೂಲಕ ನಿಷೇಧಿಸಿದೆ. ಇಲ್ಲಿ ಒಂದಷ್ಟು ಮರಿಗಳು ಬಣ್ಣ ಹಚ್ಚಿಸಿಕೊಂಡು ಬೀದಿಗೆ ಬರುತ್ತವೆ.

ಮಲೆನಾಡಿನ ಹಿತ್ತಿಲಲ್ಲಿ ಈ ಲೆಕ್ಕ ಎಂದೂ ಇರಲಿಲ್ಲ. ಅಲ್ಲಿ ಹುಂಜ ಹುಟ್ಟಿದರೂ ಲಾಭ, ಹೇಂಟೆ ಹುಟ್ಟಿದರೂ ಲಾಭ. ಹುಂಜ ಹಬ್ಬಕ್ಕೋ ಹರಕೆಗೋ ಸಂತೆಗೋ ಸಲ್ಲುತ್ತಿತ್ತು. ಹೇಂಟೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತಿತ್ತು. ಮನೆಯೊಡತಿಯ ಕೈಗೆ ಯಾರನ್ನೂ ಕೇಳದೆ ಸೇರುತ್ತಿದ್ದ ಹಣ ಬಹುಮಟ್ಟಿಗೆ ಇದೊಂದೇ. ಈ ವ್ಯವಸ್ಥೆಯ ಅಚ್ಚು ಯಾವುದೆಂದರೆ ಕಾವು. ಮಳೆನಾಡಿನ ಹಳ್ಳಿಗಳಲ್ಲಿ ಇಂದು ಸದ್ದಿಲ್ಲದೆ ನಶಿಸುತ್ತಿರುವುದೂ ಅದೇ.

ಕಾವಿಗೆ ಕೂರುವುದೆಂದರೆ ಕೋಳಿಯ ಮೈಯಲ್ಲಿ ಒಂದು ದೊಡ್ಡ ಬದಲಾವಣೆಯೇ ಆಗುತ್ತದೆ. ಗೂಡಿನಲ್ಲಿ ಮೊಟ್ಟೆಗಳು ಕೂಡಿದಂತೆ ಅದರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಚೋದಕ ಏರುತ್ತದೆ. ಮೊಟ್ಟೆ ಇಡುವುದು ನಿಲ್ಲುತ್ತದೆ, ಎದೆಯಡಿಯ ಪುಕ್ಕ ಉದುರಿ ಬರಿಯ ಚರ್ಮ ಮೊಟ್ಟೆಗೆ ತಾಗುತ್ತದೆ. ದಿನಕ್ಕೊಮ್ಮೆ ಮೇವು ನೀರಿಗೆ ಎದ್ದುಹೋಗಿ ಕೆಲವೇ ನಿಮಿಷಗಳಲ್ಲಿ ಮರಳುವ ಹೇಂಟೆ, ಕೊಕ್ಕಿನಿಂದ ಮೊಟ್ಟೆಗಳನ್ನು ಮಗುಚುತ್ತ, ಅಂಚಿನವನ್ನು ನಡುವಿಗೂ ನಡುವಿನವನ್ನು ಅಂಚಿಗೂ ಸರಿಸುತ್ತ 21 ದಿನ ಕಳೆಯುತ್ತದೆ. ಕೊನೆಯ ದಿನಗಳಲ್ಲಿ ಚಿಪ್ಪಿನೊಳಗಿನಿಂದಲೇ ಮರಿ ದನಿ ತೆಗೆಯುತ್ತದೆ. ತಾಯಿ ಹೊರಗಿನಿಂದ ಓಗೊಡುತ್ತದೆ. ಆಮೇಲೆ ಆರರಿಂದ ಎಂಟು ವಾರ ಮರಿಗಳ ಪಾಲನೆ. ಗಿಡುಗ ಬಂದಾಗ ಕೂಗುವ ಕೂಗು ಬೇರೆ, ಗೆದ್ದಲು ಕಂಡಾಗ ಕರೆಯುವ ಕೂಗು ಬೇರೆ. ಒಟ್ಟು ಸುಮಾರು ಮೂರು ತಿಂಗಳು ಆ ಕೋಳಿಯಿಂದ ಮೊಟ್ಟೆಯಿಲ್ಲ.

ಉದ್ಯಮದ ಕಣ್ಣಿಗೆ ಈ ಮೂರು ತಿಂಗಳು ಶುದ್ಧ ನಷ್ಟ. ಕಾವಿಗೆ ಕೂರದ ಹೇಂಟೆಗಳನ್ನೇ ಆರಿಸಿ ಆರಿಸಿ ಬೆಳೆಸಿದ್ದರಿಂದ ವೈಟ್ ಲೆಗ್‌ಹಾರ್ನ್‌ನಂಥ ತಳಿಗಳಲ್ಲಿ ಈ ಗುಣ ಹೆಚ್ಚುಕಡಿಮೆ ಅಳಿದೇ ಹೋಗಿದೆ. ಅದರ ಕೆಲಸವನ್ನು ಯಂತ್ರಕ್ಕೆ ವಹಿಸಲಾಯಿತು. ಉದ್ಯಮದ ಮಟ್ಟಿಗೆ ಇದು ತಪ್ಪೆಂದು ಹೇಳಲಾಗದು. ಆದರೆ ಅದೇ ಕೋಳಿ ಹಳ್ಳಿಯ ಹಿತ್ತಿಲಿಗೆ ಬಂದಾಗ ಪ್ರಶ್ನೆ ಏಳುತ್ತದೆ.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಅಂಗವಾಗಿದ್ದಾಗ, 1980ರ ದಶಕದ ಕೊನೆಯಲ್ಲಿ, ಗಿರಿರಾಜ ಎಂಬ ತಳಿಯನ್ನು ಬಿಡುಗಡೆ ಮಾಡಿತು. 2005ರಲ್ಲಿ ಸ್ವರ್ಣಧಾರಾ ಬಂದಿತು. ಬಣ್ಣದ ಪುಕ್ಕ, ದೃಢಕಾಯ, ಹಿತ್ತಿಲ ಮೇವಿನಲ್ಲಿಯೂ ಬೆಳೆಯುವ ಗುಣ ಇವೆಲ್ಲ ಗಿರಿರಾಜಕ್ಕಿವೆ. ನಾಟಿ ಹೇಂಟೆ ವರ್ಷಕ್ಕೆ 50-60 ಮೊಟ್ಟೆಯಿಟ್ಟರೆ ಗಿರಿರಾಜ 130-150 ಇಡುತ್ತದೆ. ಅದನ್ನು ರೂಪಿಸಿದ ವಿಜ್ಞಾನಿಗಳ ಶ್ರಮವನ್ನು ಹಳಿಯುವುದು ಅನ್ಯಾಯವಾದೀತು. ಅನೇಕ ಬಡ ಕುಟುಂಬಗಳ ತಟ್ಟೆಗೆ ಅದು ಮೊಟ್ಟೆ ತಂದಿದೆ. ಆದರೆ ಈ ಕೋಳಿ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯನ್ನು ಬೇರೆ ಹೇಂಟೆಯ ಅಡಿಯಲ್ಲಿಟ್ಟು ಮರಿ ಮಾಡಿಸಿದರೂ ಮುಂದಿನ ಪೀಳಿಗೆಯಲ್ಲಿ ಆ ಗುಣಗಳು ಹಾಗೆಯೇ ನಿಲ್ಲವು. ಪ್ರತಿ ಸಲ ಮರಿಗೆ ಮತ್ತೆ ಕೇಂದ್ರದ ಬಾಗಿಲಿಗೇ ಹೋಗಬೇಕು. ಹೈಬ್ರಿಡ್ ಬಿತ್ತನೆಬೀಜದ ವಿಚಾರದಲ್ಲಿ ಇಷ್ಟು ವರ್ಷ ಚರ್ಚಿಸಿದ ಪರಿಸರದ ಕಾರ್ಯಕರ್ತರು ಕೋಳಿಮರಿಯ ವಿಚಾರದಲ್ಲಿ ಅಷ್ಟಾಗಿ ಮಾತಾಡಿಲ್ಲವೆಂಬುದು ಸೋಜಿಗ. ಗಿರಿಯ ಹೆಸರು ಹೊತ್ತ ಕೋಳಿಗೆ ಗಿರಿಯಲ್ಲಿ ತನ್ನ ವಂಶ ತಾನೇ ನಡೆಸಲಾಗದು.

ಕಾವಿಗೆ ಕೂರದ ಹೇಂಟೆಯೊಂದಿಗೆ ಅಪಾಯವೂ ಒಳಬರುತ್ತದೆ. ಹೊರಗಿನ ಹುಂಜ ಊರ ಹೇಂಟೆಗಳೊಡನೆ ಬೆರೆತು ನಾಲ್ಕಾರು ವರ್ಷ ಕಳೆದರೆ, ಕಾವಿಗೆ ಕೂತರೂ ಹತ್ತನೆಯ ದಿನ ಎದ್ದುಹೋಗುವ ಹೇಂಟೆಗಳು ಹುಟ್ಟತೊಡಗುತ್ತವೆ. ಅರ್ಧ ಕಾವಿನ ಮೊಟ್ಟೆಯಷ್ಟು ನಿರುಪಯುಕ್ತವಾದುದು ಅಡುಗೆಮನೆಯಲ್ಲಿ ಬೇರೊಂದಿಲ್ಲ.

ಇದಕ್ಕೆ ನಗರದಲ್ಲಿ ಕಂಡುಕೊಂಡಿರುವ ಪರಿಹಾರ ಮನೆಯ ಕಾವುಪೆಟ್ಟಿಗೆ. ಥರ್ಮಾಕೋಲ್ ಪೆಟ್ಟಿಗೆ, ಒಂದು ಬಲ್ಬು, ಶಾಖ ನಿಯಂತ್ರಕ, ಒಂದು ಬಟ್ಟಲು ನೀರು. ಮೂಡಲಪಾಳ್ಯದಂಥಲ್ಲಿ ತಾರಸಿಯ ಮೇಲೆ ನಾಲ್ಕು ಕೋಳಿ ಸಾಕುವ ಹವ್ಯಾಸಿಗೆ ಇದು ಸಾಕು. ಶಾಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಮತ್ತೊಂದಿಲ್ಲ. ಪೆಟ್ಟಿಗೆಯೊಳಗೆ 37.5 ಡಿಗ್ರಿಯ ಆಸುಪಾಸು ಶಾಖ ನಿಲ್ಲಬೇಕು. ಹದಿನೆಂಟನೆಯ ದಿನದವರೆಗೆ ದಿನಕ್ಕೆ ಮೂರು ನಾಲ್ಕು ಬಾರಿ ಮೊಟ್ಟೆ ಮಗುಚಬೇಕು, ಕೊನೆಯ ಮೂರು ದಿನ ತೇವಾಂಶ ಹೆಚ್ಚಿಸಬೇಕು. ಏಳನೆಯ ರಾತ್ರಿ ಟಾರ್ಚಿನ ಮುಂದೆ ಹಿಡಿದರೆ ಜೀವ ಕಟ್ಟಿದ ಮೊಟ್ಟೆಯಲ್ಲಿ ಜೇಡನ ಬಲೆಯಂತೆ ರಕ್ತನಾಳಗಳು ಕಾಣುತ್ತವೆ. (ಇತ್ತೀಚಿನ ಎಲ್‌ಇಡಿ ಬಲ್ಬುಗಳಿಗೆ ಹೇಳಿಕೊಳ್ಳುವಷ್ಟು ಶಾಖವಿಲ್ಲ, ಹಳೆಯ ತಂತಿಯ ಬಲ್ಬನ್ನೇ ಹುಡುಕಬೇಕು.) ಆದರೆ ಆಷಾಢದಲ್ಲಿ ಮರ ಬಿದ್ದು ಎರಡು ಮೂರು ದಿನ ವಿದ್ಯುತ್ತಿಲ್ಲದಿರುವ ಘಟ್ಟದ ಹಳ್ಳಿಗೆ ಈ ಪೆಟ್ಟಿಗೆಯನ್ನು ನಂಬಿ ಬದುಕಲಾಗದು. ಹೇಂಟೆಯ ಮೈಗೆ ವಿದ್ಯುತ್ ಕಡಿತವಿಲ್ಲ.

ನಗರದ ಕೋಳಿಸಾಕಣೆಗೆ ಇನ್ನೊಂದು ಮಿತಿಯಿದೆ. ಬೆಳಗಿನ ನಾಲ್ಕು ಗಂಟೆಗೆ ಹುಂಜ ಕೂಗಿದರೆ ಅಕ್ಕಪಕ್ಕದ ಮನೆಯವರು ಸಹಿಸುವುದಿಲ್ಲ, ಸಹಿಸಬೇಕೆನ್ನುವುದೂ ತಪ್ಪು. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಆದರೆ ಅದರಿಂದ ಮರಿಯಾಗದು. ಆದುದರಿಂದ ನಾಟಿ ಕೋಳಿಯ ಸಂತತಿ ಉಳಿಯಬೇಕಾದರೆ ಅದು ಹಿತ್ತಿಲೂ ಹುಂಜದ ಕೂಗಿಗೆ ಜಾಗವೂ ಇರುವ ಹಳ್ಳಿಗಳಲ್ಲಿಯೇ ಉಳಿಯಬೇಕು. ಅಂಗಡಿಯಲ್ಲಿ ಕಂದು ಚಿಪ್ಪು ತೋರಿಸಿ ನಾಟಿ ಮೊಟ್ಟೆಯೆಂದು ಹೆಚ್ಚು ಬೆಲೆಗೆ ಮಾರುವುದನ್ನು ನಂಬಿ, ನಾಟಿ ಕೋಳಿ ಎಲ್ಲೋ ಸುಖವಾಗಿದೆಯೆಂದು ನಗರದವರು ಭಾವಿಸುತ್ತಾರೆ. ಚಿಪ್ಪಿನ ಬಣ್ಣ ತಳಿಯನ್ನವಲಂಬಿಸಿದ್ದು. ಕಂದು ಮೊಟ್ಟೆಯಿಡುವ ಪಂಜರದ ಕೋಳಿಗಳೂ ಉಂಟು.

ಇಲ್ಲಿ ಕಾಡಿನ ಮಾತೂ ಬರಬೇಕು. ಊರ ಕೋಳಿಯ ಮೂಲ ಪೂರ್ವಜ ಕೆಂಪು ಕಾಡುಕೋಳಿ. ಆದರೆ ಹಲವು ಊರ ಕೋಳಿಗಳ ಹಳದಿ ಕಾಲಿನ ವಂಶವಾಹಿ ಬಂದದ್ದು ಪಶ್ಚಿಮ ಘಟ್ಟದಲ್ಲಿಯೂ ನೆಲೆಸಿರುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಘಟ್ಟದ ನಂಟು ಜಗತ್ತಿನ ಕೋಳಿಗೂಡುಗಳಲ್ಲಿದೆ ಎಂದಾಯಿತು. ಹಾಗೆಂದು ಕಾಡುಕೋಳಿಯ ಮೊಟ್ಟೆ ತಂದು ಊರ ಹೇಂಟೆಯ ಅಡಿಯಲ್ಲಿಡುವ ಹುಡುಗಾಟ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಮರಿಗಳೂ ಬಹುಪಾಲು ನಿಲ್ಲುವುದಿಲ್ಲ.

ಹಿತ್ತಿಲ ಕೋಳಿಯ ಮೇಲೆ ಬರುವ ದೊಡ್ಡ ಆಕ್ಷೇಪ ರೋಗದ್ದು. ಹಕ್ಕಿಜ್ವರದ ಸುದ್ದಿ ಬಂದಾಗಲೆಲ್ಲ ಬೆರಳು ಮನೆಗೋಳಿಗಳತ್ತ ತಿರುಗುತ್ತದೆ. 2012ರ ಅಕ್ಟೋಬರಿನಲ್ಲಿ ಅದು ಕಾಣಿಸಿಕೊಂಡದ್ದು ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ, ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ. 2018ರ ಜನವರಿಯ ವೇಳೆಗೆ ದಾಸರಹಳ್ಳಿಯ ಕೋಳಿ ಅಂಗಡಿಯಲ್ಲಿ. ದೊಡ್ಡ ಗೂಡು, ಬಿಗಿ ಕಾವಲು ಇದ್ದರೂ ರೋಗ ಬರುತ್ತದೆ. ಮನೆಗೋಳಿಗೂ ಬರುತ್ತದೆಂಬುದನ್ನು ಮುಚ್ಚಿಡಬೇಕಿಲ್ಲ. ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ ಹಳ್ಳಕ್ಕೆಸೆಯದೆ ಪಶು ಆಸ್ಪತ್ರೆಗೆ ತಿಳಿಸುವುದು ಕರ್ತವ್ಯ.

ಆದರೆ ಮಲೆನಾಡಿನ ಗೂಡುಗಳನ್ನು ವರ್ಷವರ್ಷವೂ ಬರಿದು ಮಾಡುವುದು ಹಕ್ಕಿಜ್ವರವಲ್ಲ, ಕೊಕ್ಕರೆ ರೋಗ. ರಾಣಿಖೇತ್ ಎಂಬ ಹೆಸರಿನಿಂದ ಇಲಾಖೆಯ ಕಾಗದಗಳಲ್ಲಿರುವುದು ಇದೇ. ಹಸಿರು ಭೇದಿ, ತಿರುಚಿದ ಕತ್ತು, ಎರಡು ದಿನದಲ್ಲಿ ಊರಿಗೆ ಊರೇ ಖಾಲಿ. ಹಾಗೆ ಖಾಲಿಯಾದಾಗಲೇ ಹೊರಗಿನ ಮರಿ ತರಬೇಕಾಗುತ್ತದೆ. ಕಾವಿನ ಗುಣ ಕಳೆದುಹೋಗುವುದು ಆ ದಾರಿಯಿಂದಲೇ. ಇದಕ್ಕೆ ಮದ್ದಿಲ್ಲ, ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೆಯ ವಾರದ ಹೊತ್ತಿಗೆ ಚರ್ಮದಡಿ ಒಂದು ಚುಚ್ಚುಮದ್ದು.

ಕಷ್ಟ ಇರುವುದು ಸೀಸೆಯಲ್ಲಿ. ಈ ಲಸಿಕೆ ಬರುವುದೇ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗೆ ಆಗುವ ಸೀಸೆಗಳಲ್ಲಿ. ಮಂಜುಗಡ್ಡೆಯಲ್ಲಿಟ್ಟು ತರಬೇಕು, ಒಮ್ಮೆ ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಏಳು ಕೋಳಿಯಿರುವ ಒಂಟಿ ಮನೆಗೆ ಅದು ದಕ್ಕುವುದಿಲ್ಲ. ಇಲಾಖೆಗಳೂ ಸಂಘಗಳೂ ಉಚಿತ ಮರಿ ಹಂಚುವ ಉತ್ಸಾಹದ ಒಂದು ಪಾಲನ್ನು ಲಸಿಕೆಯ ದಿನವೊಂದಕ್ಕೆ ತಿರುಗಿಸಿದರೆ ಹಿತ್ತಿಲ ಕೋಳಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ. ರಜೆಗೆ ಊರಿಗೆ ಬರುವ ವಿದ್ಯಾರ್ಥಿಗಳು ಹಿಂದಿನ ದಿನವೇ ಮನೆಮನೆಯ ಕೋಳಿ ಎಣಿಸಿ ಪಶು ಆಸ್ಪತ್ರೆಗೆ ಪಟ್ಟಿ ಕೊಡಬಹುದು. ಚೆನ್ನಾಗಿ ಕಾವಿಗೆ ಕೂರುವ ಹೇಂಟೆ ಯಾರ ಮನೆಯಲ್ಲಿದೆಯೆಂಬುದನ್ನು ಅದೇ ಪಟ್ಟಿಯಲ್ಲಿ ಬರೆದಿಟ್ಟುಕೊಂಡರೆ ಎರಡು ವರ್ಷಕ್ಕೊಮ್ಮೆ ಊರಿಂದೂರಿಗೆ ಹುಂಜ ಬದಲಾಯಿಸಿಕೊಳ್ಳುವುದಕ್ಕೂ ಆಧಾರ ಸಿಗುತ್ತದೆ. ಉಳಿದ ಕೆಲಸ ಹೆಚ್ಚಿನದಲ್ಲ: ಲಸಿಕೆಯವರು ಬರುವ ಬೆಳಿಗ್ಗೆ, ಹತ್ತು ಹನ್ನೆರಡು ಮನೆಯವರು ಒಂದು ಗಂಟೆ ತಡವಾಗಿ ಕೋಳಿಗೂಡಿನ ಬಾಗಿಲು ತೆಗೆಯಬೇಕು.